ಒಂದು ತುಂಡು ಬರ್ಫದ ಚರಿತ್ರೆ

ಬೇಸಿಗೆಯಲ್ಲಿ ರಮಜಾನ್ ಬಂದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓಣಿಗಳಲ್ಲಿ ಇಫ್ತಾರಿನ ಹೊತ್ತಿಗೆ ಬರ್ಫಕ್ಕೆ ಎಲ್ಲಿಲ್ಲದ ಬೇಡಿಕೆ. ಖರ್ಜೂರದ ಜೊತೆ ಒಂದು ಲೋಟ ತಣ್ಣನೆಯ ಶರಬತ್ತು ಈಗ ಸಾಮಾನ್ಯ ಸಂಗತಿ. ಆದರೆ ಬರ್ಫದ ಚರಿತ್ರೆ ಎಂದರೆ ತಂಪು ಯಾರಿಗೆ ದಕ್ಕಿತು, ಯಾರಿಗೆ ದಕ್ಕಲಿಲ್ಲ ಎಂಬುದರ ಚರಿತ್ರೆಯೂ ಹೌದು.

ಅಕ್ಬರನ ಕಾಲದ ವಿವರವನ್ನು ಅಬುಲ್ ಫಜಲ್ 'ಐನೆ ಅಕ್ಬರಿ'ಯಲ್ಲಿ ಬರೆದಿಟ್ಟಿದ್ದಾನೆ. ನೀರು ತುಂಬಿ ಬಾಯಿ ಮುಚ್ಚಿದ ಲೋಹದ ಹೂಜಿಯನ್ನು ಪೆಟ್ಲುಪ್ಪು ಕಲಸಿದ ನೀರಿನಲ್ಲಿ ತಿರುಗಿಸುತ್ತಿದ್ದರು. ಉಪ್ಪು ಕರಗುವಾಗ ಶಾಖ ಹೀರಿಕೊಳ್ಳುವುದರಿಂದ ಹೂಜಿಯ ನೀರು ತಣ್ಣಗಾಗುತ್ತಿತ್ತು. ಆಸ್ಥಾನ ಪಂಜಾಬಿಗೆ ಹೋದ ಮೇಲೆ ಉತ್ತರದ ಬೆಟ್ಟಗಳಿಂದ ದೋಣಿ, ಗಾಡಿ, ಹಮಾಲರ ಮೂಲಕ ಲಾಹೋರಿಗೆ ಹಿಮ ಬರತೊಡಗಿತು. ಬೇಸಿಗೆಯಲ್ಲಿ ಎಲ್ಲ ದರ್ಜೆಯವರೂ ಅದನ್ನು ಬಳಸುತ್ತಿದ್ದರೆಂದೂ, ಅಮೀರರು ಮಾತ್ರ ವರ್ಷವಿಡೀ ಬಳಸುತ್ತಿದ್ದರೆಂದೂ ಆತ ಹೇಳುತ್ತಾನೆ. ಹಿಮದ ಬೆಟ್ಟವಿಲ್ಲದ ನಮ್ಮ ಕಡೆಯ ಜನರಿಗೆ ಮಣ್ಣಿನ ಹರವಿಯೇ ಆಬ್ದಾರ್ ಖಾನೆ.

1833ರಲ್ಲಿ ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಕೆರೆಯ ಬರ್ಫವನ್ನು 'ಟಸ್ಕನಿ' ಹಡಗಿನಲ್ಲಿ ಕಲಕತ್ತೆಗೆ ಕಳಿಸಿದ. ಹೇರಿದ 180 ಟನ್ನಿನಲ್ಲಿ ಸುಮಾರು 100 ಟನ್ ಉಳಿದು ಬಂತು. ಅದರ ಮುಖ್ಯ ಗಿರಾಕಿಗಳು ಆಂಗ್ಲರು. ಮದ್ರಾಸಿನ ಕಡಲ ತಡಿಯ 'ಐಸ್ ಹೌಸ್' ಆ ವ್ಯಾಪಾರದ ಗುರುತು. ಇತ್ತ ಫ್ಲೋರಿಡಾದ ವೈದ್ಯ ಜಾನ್ ಗೋರಿ, ಜ್ವರದ ರೋಗಿಗಳ ಕೋಣೆ ತಂಪಾಗಿಡಬೇಕೆಂದು ಶ್ರಮಿಸಿ, ಬರ್ಫ ಮಾಡುವ ಯಂತ್ರಕ್ಕೆ 1851ರಲ್ಲಿ ಪೇಟೆಂಟ್ ಪಡೆದ. ಅದರಿಂದ ಹಣ ಕಾಣದೆಯೇ ತೀರಿಕೊಂಡ. 1870ರ ದಶಕದಲ್ಲಿ ಮದ್ರಾಸ್, ಕಲಕತ್ತೆಗಳಲ್ಲೇ ಬರ್ಫದ ಕಾರ್ಖಾನೆಗಳೆದ್ದವು. ಹಡಗಿನ ಬರ್ಫ ಕರಗಿಹೋಯಿತು. 1958ರಲ್ಲಿ ಗೋದ್ರೆಜ್ ಕಂಪನಿ ದೇಶದಲ್ಲೇ ಫ್ರಿಜ್ ತಯಾರಿಸಿತು. ಅದು ನಮ್ಮ ಓಣಿಗಳಿಗೆ ಬರಲು ಮತ್ತೆ ದಶಕಗಳೇ ಬೇಕಾದವು. ಅಲ್ಲಿಯವರೆಗೆ ಕಟ್ಟಿಗೆ ಹೊಟ್ಟು ಮೆತ್ತಿ, ಗೋಣಿಚೀಲ ಸುತ್ತಿದ ಐಸ್ ಗಡ್ಡೆಯೇ ಗತಿ.

ಈಗ ಮನೆಯ ಫ್ರಿಜ್ಜೇ ಬರ್ಫದ ಕಾರ್ಖಾನೆ. ಅದು ಕೈಕೊಟ್ಟರೆ ಮೆಕ್ಯಾನಿಕನನ್ನು ಕರೆಯುವ ಮುನ್ನ ಕೆಲವನ್ನು ನಾವೇ ನೋಡಬಹುದು. ಬಾಗಿಲಿನ ರಬ್ಬರ್ ಸಡಿಲಾದರೆ ಬಿಸಿಗಾಳಿ ಒಳಗೆ ಹೋಗುತ್ತದೆ. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆದರೆ ಗೊತ್ತಾಗುತ್ತದೆ. ಹಿಮ ದಪ್ಪಗಟ್ಟಿದ್ದರೆ ಸ್ವಿಚ್ ಆರಿಸಿ ಕರಗಲು ಬಿಡಬೇಕು, ಚಾಕುವಿನಿಂದ ಕೆತ್ತಬಾರದು. ತಾನೇ ಬರ್ಫ ಮಾಡುವ ಫ್ರಿಜ್ಜಾದರೆ ಫ್ರೀಜರಿನ ಶೈತ್ಯ ಮೈನಸ್ 18 ಡಿಗ್ರಿಯ ಆಸುಪಾಸಿನಲ್ಲಿದೆಯೇ, ನೀರಿನ ಕೊಳವೆ ಹೆಪ್ಪುಗಟ್ಟಿದೆಯೇ, ಫಿಲ್ಟರ್ ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ಬೋರಿನ ಗಡಸು ನೀರು ಇರುವಲ್ಲಿ ಕೊಳವೆಯಲ್ಲಿ ಸುಣ್ಣ ಕಟ್ಟುವುದು ಹೆಚ್ಚು.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಮುಂಡರಗಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹಳೆಯ ಸಂಗತಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳಿಗೆ ಹಾನಿ. ನೀರು ಕುದಿಸಿದರೂ ಅದು ಹೋಗುವುದಿಲ್ಲ, ಟ್ರೇಯಲ್ಲಿಟ್ಟು ಬರ್ಫ ಮಾಡಿದರೂ ಹೋಗುವುದಿಲ್ಲ. ಪೇಟೆಯ ಐಸ್ ಗಡ್ಡೆಯೂ ತಿನ್ನುವುದಕ್ಕೆಂದೇ ಮಾಡಿದ್ದಾಗಿರುವುದಿಲ್ಲ. ಅದಕ್ಕೇ ತಿನ್ನಲಾಗದ ಬರ್ಫಕ್ಕೆ ನೀಲಿ ಬಣ್ಣ ಹಾಕಬೇಕೆಂದು 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಸೂಚಿಸಿತು.

ಪಾದಶಾಹನಿಗೂ ಸಲೀಸಾಗಿ ಸಿಗದಿದ್ದ ತಂಪು ಇಂದು ಗುಂಡಿ ಒತ್ತಿದರೆ ಸಿಗುತ್ತದೆ. ಶುದ್ಧ ನೀರು ಮಾತ್ರ ಇನ್ನೂ ಎಲ್ಲರ ಪಾಲಿಗೆ ಬಂದಿಲ್ಲ. ಫ್ರಿಜ್ ಇದ್ದವರು ಇಫ್ತಾರಿನ ಹೊತ್ತಿಗೆ ಪಕ್ಕದ ಮನೆಗೆ ಒಂದು ಬಟ್ಟಲು ಬರ್ಫ ಕೊಡುವುದು ನಮ್ಮ ಓಣಿಗಳ ಒಳ್ಳೆಯ ರೂಢಿ. ಅದರ ಜೊತೆಗೆ, ಊರಿನ ಎಲ್ಲ ನಲ್ಲಿಗೂ ಒಳ್ಳೆಯ ನೀರು ಬರಲಿ ಎಂದು ಒಟ್ಟಾಗಿ ಕೇಳುವುದೂ ರೂಢಿಯಾಗಬೇಕು.