ಜಾವಾಸ್ಕ್ರಿಪ್ಟ್ ಸ್ವಿಚ್ ಹೇಳಿಕೆ

ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಸ್ವಿಚ್ ಹೇಳಿಕೆಯು ಒಂದು ಮೌಲ್ಯವನ್ನು ಹಲವು ಮೌಲ್ಯಗಳೊಡನೆ ಹೋಲಿಸಿ, ಹೊಂದಿಕೆಯಾದ ಸ್ಥಳದಿಂದ ಆದೇಶಗಳನ್ನು ನಡೆಸುವ ನಿಯಂತ್ರಣ ರಚನೆಯಾಗಿದೆ. ಇದರ ವಾಕ್ಯರಚನೆಯು ಸಿ ಭಾಷೆಯದನ್ನು ಹೋಲುತ್ತದೆ. 1999ರಲ್ಲಿ ಪ್ರಕಟವಾದ ಎಕ್ಮಾಸ್ಕ್ರಿಪ್ಟ್ ಮೂರನೆಯ ಆವೃತ್ತಿಯು ಇದನ್ನು ಪ್ರಮಾಣಿತಗೊಳಿಸಿತು.

ಕಾರ್ಯವಿಧಾನ

ಕೊಟ್ಟ ಮೌಲ್ಯವನ್ನು 'ಕೇಸ್'ಗಳೊಡನೆ ಬರೆದ ಕ್ರಮದಲ್ಲಿ ಹೋಲಿಸಲಾಗುತ್ತದೆ. ಯಾವುದೂ ಹೊಂದದಿದ್ದಲ್ಲಿ 'ಡಿಫಾಲ್ಟ್' ಭಾಗವು ನಡೆಯುತ್ತದೆ. 'ಬ್ರೇಕ್' ಆದೇಶವು ರಚನೆಯಿಂದ ಹೊರತರುತ್ತದೆ.

ಸಾಮಾನ್ಯ ದೋಷಗಳು

ಕೆಳಗಿನ ಎರಡು ದೋಷಗಳೂ ಯಾವುದೇ ದೋಷಸಂದೇಶವನ್ನು ನೀಡುವುದಿಲ್ಲ. ತಪ್ಪು ಫಲಿತಾಂಶವನ್ನಷ್ಟೇ ನೀಡುತ್ತವೆ.

* ಬ್ರೇಕ್ ಇಲ್ಲದಿರುವುದು: ಆಗ ಮುಂದಿನ ಕೇಸ್‌ನ ಆದೇಶಗಳು ಹೋಲಿಕೆಯಿಲ್ಲದೆಯೇ ನಡೆಯುತ್ತವೆ. ಉದಾಹರಣೆಗೆ, 'ಬೆಳ್ಳಿ' ಸದಸ್ಯರಿಗೆ 5, ಅದರ ಕೆಳಗಿನ 'ಚಿನ್ನ' ಸದಸ್ಯರಿಗೆ 10 ಪ್ರತಿಶತ ರಿಯಾಯಿತಿಯಿದ್ದು, ಮೊದಲನೆಯದರಲ್ಲಿ ಬ್ರೇಕ್ ಇಲ್ಲದಿದ್ದರೆ ಬೆಳ್ಳಿ ಸದಸ್ಯರಿಗೂ 10 ಪ್ರತಿಶತವೇ ದೊರೆಯುತ್ತದೆ.
* ದತ್ತಾಂಶ ಪ್ರಕಾರದ ವ್ಯತ್ಯಾಸ: ಹೋಲಿಕೆಯು ಕಟ್ಟುನಿಟ್ಟಾದ ಸಮಾನತೆಯನ್ನು (===) ಅನುಸರಿಸುತ್ತದೆ. ನಮೂನೆಯ ಪಠ್ಯಪೆಟ್ಟಿಗೆಯಲ್ಲಿ ಬರೆದ 2 ಸ್ಟ್ರಿಂಗ್ ಆಗಿ ಬರುವುದರಿಂದ, ಅದು ಸಂಖ್ಯೆಯಾದ 2ಕ್ಕೆ ಹೊಂದುವುದಿಲ್ಲ. ಪಿಎಚ್‌ಪಿ ಭಾಷೆಯ ಸ್ವಿಚ್ ಸಡಿಲ ಹೋಲಿಕೆಯನ್ನು ಬಳಸುವುದರಿಂದ ಅಲ್ಲಿ ಇವೆರಡೂ ಹೊಂದುತ್ತವೆ.

ದೋಷನಿವಾರಣೆ

ಸ್ವಿಚ್‌ಗೆ ಮುನ್ನ ಮೌಲ್ಯವನ್ನೂ 'ಟೈಪ್ಆಫ್' ಮೂಲಕ ಅದರ ಪ್ರಕಾರವನ್ನೂ ಕನ್ಸೋಲ್‌ನಲ್ಲಿ ಮುದ್ರಿಸಿದರೆ ಎರಡನೆಯ ದೋಷವು ಗೋಚರಿಸುತ್ತದೆ. ಬ್ರೌಸರ್‌ನ ಡಿಬಗ್ಗರ್‌ನಲ್ಲಿ ನಿಲುಗಡೆಯಿಟ್ಟು ಸಾಲುಸಾಲಾಗಿ ನಡೆಸಿದರೆ ಮೊದಲನೆಯದು ತಿಳಿಯುತ್ತದೆ. ಇಎಸ್‌ಲಿಂಟ್ ಸಾಧನವು ಬಿಟ್ಟುಹೋದ ಬ್ರೇಕ್‌ಗಳನ್ನು ಮೊದಲೇ ಗುರುತಿಸಬಲ್ಲದು. ಅನಿರೀಕ್ಷಿತ ಮೌಲ್ಯಗಳನ್ನು ಡಿಫಾಲ್ಟ್ ಭಾಗದಲ್ಲಿ ದಾಖಲಿಸುವುದು ಉತ್ತಮ ರೂಢಿಯಾಗಿದೆ.