ಟಿಪ್ಪು ಎಂಬ ಹೆಸರು ಯಾರ ಮನೆಯದು?

ನಮ್ಮ ಮನೆಗಳಲ್ಲಿ ಮಗುವಿಗೆ ಹೆಸರಿಡುವಾಗ ಮೊದಲು ಕೇಳುವುದು ಅದರ ಅರ್ಥವನ್ನು. ಅಬ್ದುಲ್ಲಾ ಎಂದರೆ ಅಲ್ಲಾಹನ ದಾಸ, ಕರೀಮ್ ಎಂದರೆ ಉದಾರಿ ಎಂದು ಹಿರಿಯರು ತಟ್ಟನೆ ಹೇಳುತ್ತಾರೆ. ಟಿಪ್ಪು ಎಂದರೇನು ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. 2015ರಲ್ಲಿ ಸರಕಾರ ಟಿಪ್ಪು ಜಯಂತಿಯನ್ನು ಆರಂಭಿಸಿದಾಗಲೂ 2019ರಲ್ಲಿ ಕೈಬಿಟ್ಟಾಗಲೂ ನಾವೆಲ್ಲ ಆ ಹೆಸರನ್ನು ಹಿಡಿದು ಬೇಕಾದಷ್ಟು ಜಗಳವಾಡಿದೆವು. ಹೆಸರು ಬಂದದ್ದೆಲ್ಲಿಂದ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಕನ್ನಡದಲ್ಲಿ ಟಿಪ್ಪು ಎಂದರೆ ಹುಲಿ ಎಂಬ ಮಾತು ಇಂಗ್ಲಿಷ್ ಬರಹಗಳಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಕನ್ನಡ ಬಲ್ಲ ಮಗುವೂ ಇದಕ್ಕೆ ನಕ್ಕೀತು. ಹುಲಿ ಇದ್ದದ್ದು ಹೆಸರಿನಲ್ಲಲ್ಲ, ಆತನ ಸಿಂಹಾಸನದಲ್ಲಿ, ಕೋವಿಗಳ ಮೇಲೆ, ಸೈನಿಕರ ಅಂಗಿಯ ಪಟ್ಟೆಗಳಲ್ಲಿ. 1799ರ ಶ್ರೀರಂಗಪಟ್ಟಣದ ಗೆಲುವಿಗೆಂದು ಕಂಪೆನಿ ಹೊರಡಿಸಿದ ಪದಕದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ನಿಂತಿದೆ. ಲಾಂಛನವೇ ಹೆಸರಿನ ಅರ್ಥವಾಗಿಬಿಟ್ಟಿತು.

ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವ ಕಥೆ ಬೇರೆ. ಹೈದರ್ ಅಲಿ ಮತ್ತು ಫಾತಿಮಾ ಫಖ್ರುನ್ನಿಸಾ ದಂಪತಿಗಳು ಸಂತಾನಕ್ಕಾಗಿ ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾರ ದರ್ಗಾಕ್ಕೆ ಹರಕೆ ಹೊತ್ತರು. 1750ರಲ್ಲಿ (ಕೆಲವರ ಪ್ರಕಾರ 1751) ದೇವನಹಳ್ಳಿಯಲ್ಲಿ ಹುಟ್ಟಿದ ಮಗನಿಗೆ ಆ ಸಂತರ ಹೆಸರನ್ನೇ ಇಟ್ಟರು. ಅಜ್ಜ ಫತೆ ಮುಹಮ್ಮದರ ನೆನಪಿಗೆ ಫತೆ ಅಲಿ ಎಂದೂ ಕರೆದರು.

ಇಲ್ಲಿಗೆ ಪ್ರಶ್ನೆ ಮುಗಿಯುವುದಿಲ್ಲ, ಒಂದು ತಲೆಮಾರು ಹಿಂದಕ್ಕೆ ಸರಿಯುತ್ತದೆ ಅಷ್ಟೆ. ಆ ಸಂತರಿಗೆ ಈ ಹೆಸರು ಬಂದುದು ಹೇಗೆ? ಅರಬಿ ಭಾಷೆಯಲ್ಲಿ ಟಕಾರವೂ ಇಲ್ಲ, ಪಕಾರವೂ ಇಲ್ಲ. ಫಾರಸಿಯಲ್ಲಿ ಪಕಾರ ಉಂಟು, ಟಕಾರವಿಲ್ಲ. ಅಂದಮೇಲೆ ಈ ಶಬ್ದ ಹಡಗು ಹತ್ತಿ ಬಂದದ್ದಲ್ಲ. ಇದೇ ನೆಲದಲ್ಲಿ ಹುಟ್ಟಿದ್ದೆಂದು ನಮಗೆ ತೋರುತ್ತದೆ.

ಆದರೆ ಈ ನೆಲದ ಯಾವ ಮನೆಯಲ್ಲಿ? ಚಿತ್ರದುರ್ಗ, ಬಳ್ಳಾರಿ ಸೀಮೆಯಲ್ಲಿ ತಿಪ್ಪಯ್ಯ, ತಿಪ್ಪಮ್ಮ, ತಿಪ್ಪೇಸ್ವಾಮಿ ಮನೆಮನೆಯ ಹೆಸರುಗಳು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಸಾವಿನ ಕಣ್ಣು ತಪ್ಪಿಸಲು ಹಾಗೆ ಕರೆಯುತ್ತಿದ್ದರು. ವಿಜಯನಗರದ ವೀರನರಸಿಂಹನ ತಾಯಿಯೂ ತಿಪ್ಪಾಂಬೆಯೇ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಕೃಪೆಯಿಂದಲೇ ಟಿಪ್ಪು ಎಂಬ ಹೆಸರು ಬಂತೆನ್ನುವವರೂ ಇದ್ದಾರೆ. ಮನಸ್ಸಿಗೆ ಹಿತವಾದ ಕಥೆ. ಆದರೆ ಹೈದರ್ ಚಿತ್ರದುರ್ಗವನ್ನು ಗೆದ್ದದ್ದು 1779ರಲ್ಲಿ. ಆ ಹೊತ್ತಿಗೆ ಮಗ ಮೀಸೆ ಹೊತ್ತ ಸೇನಾನಿ. ಶಬ್ದವೂ ಸುಲಭವಾಗಿ ಹೊಂದುವುದಿಲ್ಲ. ತಿಪ್ಪನದು ದಂತ್ಯ ತಕಾರ, ಹ್ರಸ್ವ ಇಕಾರ. ಉರ್ದುವಿನಲ್ಲಿ ಬರೆಯುವುದು 'ಟೀಪೂ' ಎಂದು. ಹಿತವೆನಿಸಿತೆಂದ ಮಾತ್ರಕ್ಕೆ ಒಪ್ಪಬಾರದು. ನಮಗೆ ಒಲಿದ ಕಥೆಗಳ ಬಗ್ಗೆಯೇ ಹೆಚ್ಚು ಎಚ್ಚರ ಬೇಕು.

ಹರಕೆಯ ಹೆಸರುಗಳಿಗೆ ಜಾತಿ ಮತದ ಗಡಿ ಇರಲಿಲ್ಲ ಎಂಬುದಂತೂ ನಿಜ. ಉತ್ತರ ಕರ್ನಾಟಕದಲ್ಲಿ ಹಿಂದೂ ಮನೆಗಳ ಫಕೀರಪ್ಪ, ಹುಸೇನಪ್ಪ, ಆಂಧ್ರದ ಮಸ್ತಾನಯ್ಯ, ಮಸ್ತಾನಮ್ಮ ಇಂದಿಗೂ ಇದ್ದಾರೆ. ಅವರ ತಾಯಂದಿರು ದರ್ಗಾದಲ್ಲಿ ತಲೆಬಾಗಿದಾಗ ನಿಘಂಟು ತೆರೆದು ನೋಡಿರಲಿಲ್ಲ. ಫಖ್ರುನ್ನಿಸಾ ಕೂಡ ನೋಡಿರಲಾರಳು.

ಆ ಟೀಪೂ ಕನ್ನಡಿಗರ ಬಾಯಿಗೆ ಬಂದಮೇಲೆ ದೀರ್ಘ ಕಳೆದುಕೊಂಡಿತು, ಪಕಾರಕ್ಕೆ ಒತ್ತು ಬಂತು. ಅಪ್ಪು, ಪುಟ್ಟು, ಕಿಟ್ಟುಗಳ ಸಾಲಿನಲ್ಲಿ ಟಿಪ್ಪು ಆಗಿ ಕುಳಿತುಕೊಂಡಿತು.