ಪ್ಲಂಬರ್‌ಗೆ ಸಿಕ್ಕ ಉಗುರು
ಬ್ಯಾರಿಯೊನಿಕ್ಸ್ ವಾಕರಿ | ಸುಮಾರು 12.5 ಕೋಟಿ ವರ್ಷ ಹಿಂದಿನದು | ಸರ್ರೆ, ಇಂಗ್ಲೆಂಡ್

ವಿಲಿಯಂ ವಾಕರ್ ವೃತ್ತಿಯಲ್ಲಿ ಪ್ಲಂಬರ್, ಹವ್ಯಾಸದಲ್ಲಿ ಪಳೆಯುಳಿಕೆ ಸಂಗ್ರಾಹಕ. 1983ರ ಜನವರಿಯಲ್ಲಿ, ಇಟ್ಟಿಗೆಗೆಂದು ಜೇಡಿಮಣ್ಣು ತೋಡುತ್ತಿದ್ದ ಗುಂಡಿಯೊಂದರಲ್ಲಿ ಅವರಿಗೆ ಕುಡುಗೋಲಿನಂತೆ ಬಾಗಿದ ದೊಡ್ಡ ಉಗುರೊಂದು ತುಂಡುಗಳಾಗಿ ಸಿಕ್ಕಿತು. ತುದಿ ಇರಲಿಲ್ಲ. ಕೆಲವು ವಾರಗಳ ನಂತರ ಮತ್ತೆ ಹೋಗಿ ಅದನ್ನೂ ಹುಡುಕಿ ತಂದರು. ಹೊರಬಾಗಿನ ಉದ್ದಕ್ಕೂ ಅಳೆದರೆ ಉಗುರು ಸುಮಾರು 31 ಸೆಂ.ಮೀ.

ಉಗುರು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತಲುಪಿತು. ಅದು ಸಿಕ್ಕಿದ್ದು ಎಲ್ಲಿ ಎಂಬುದು ಖಚಿತವಾಗಿ ಗೊತ್ತಿದ್ದರಿಂದಲೇ ತಜ್ಞರು ಅದೇ ಜಾಗ ಅಗೆದರು. ಬಹುಪಾಲು ಅಸ್ಥಿಪಂಜರವೇ ಹೊರಬಂತು. ಗಟ್ಟಿಗಲ್ಲಿನಿಂದ ಎಲುಬು ಬಿಡಿಸುವ ಕೆಲಸ ವರ್ಷಗಟ್ಟಲೆ ಹಿಡಿಯಿತು. ಮೊಸಳೆಯಂಥ ನೀಳ ಮೂತಿ, ಒತ್ತಾದ ಹಲ್ಲುಗಳು. ಹೊಟ್ಟೆಯ ಭಾಗದಲ್ಲಿ ಜಠರದ ಆಮ್ಲಕ್ಕೆ ಸವೆದ ಮೀನಿನ ಹುರುಪೆಗಳು. ಮಾಂಸಾಹಾರಿ ಡೈನೋಸಾರ್ ಮೀನು ತಿಂದದ್ದಕ್ಕೆ ದೊರೆತ ಮೊದಲ ನೇರ ಸಾಕ್ಷ್ಯವಿದು. ಇಡೀ ಶೋಧದಲ್ಲಿ ಅತ್ಯಂತ ಬೆಲೆಯುಳ್ಳದ್ದು ಉಗುರಲ್ಲ, ಈ ಹುರುಪೆಗಳೇ ಎನ್ನಬೇಕು.

1986ರಲ್ಲಿ ಅಲನ್ ಚಾರಿಗ್ ಮತ್ತು ಆಂಜೆಲಾ ಮಿಲ್ನರ್ ಈ ಹೊಸ ಪ್ರಾಣಿಗೆ ವಾಕರ್ ಅವರ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದರು.

ಪಳೆಯುಳಿಕೆಯ ಮೌಲ್ಯ ಹರಾಜಿನ ಮೊತ್ತದಲ್ಲಿಲ್ಲ. ಯಾವ ಜಾಗ, ಯಾವ ಪದರ, ಜೊತೆಗೆ ಏನಿತ್ತು ಎಂಬ ವಿವರ ಕಳೆದರೆ ವಿಜ್ಞಾನಕ್ಕೆ ಅದು ಅರ್ಧ ನಷ್ಟ. ನಿಮ್ಮ ಕಣ್ಣಿಗೂ ಅಂಥದ್ದು ಬಿದ್ದರೆ ಕೆರೆಯಬೇಡಿ, ತೊಳೆಯಬೇಡಿ. ಇದ್ದಲ್ಲೇ ಫೋಟೊ ತೆಗೆದು, ಸ್ಥಳ ಗುರುತು ಮಾಡಿಕೊಂಡು ಹತ್ತಿರದ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿ.